ಬೊಕ್ಕಸದ ಹೊನ್ನು, ಅಂಗಳದ ಅಕ್ಕಿ: ಶರಣರ ಪ್ರಾಮಾಣಿಕತೆಯ ಕಥನಗಳು

ಬಸವಣ್ಣನವರ ಮೇಲೆ ಬೊಕ್ಕಸ ದುರುಪಯೋಗದ ಆರೋಪ ಬಂದ ಪ್ರಸಂಗವೆಂದರೆ ವೀರಶೈವ ಪುರಾಣಕಾರರಿಗೆ ಅಚ್ಚುಮೆಚ್ಚು. ಕಲಚುರಿ ಬಿಜ್ಜಳನ ಭಂಡಾರಿ ಅರಮನೆಯ ಹೊನ್ನನ್ನು ಜಂಗಮರಿಗೆ ಸುರಿಯುತ್ತಿದ್ದಾನೆಂದು ಕೊಂಡೆಯರು ಚಾಡಿ ಹೇಳುತ್ತಾರೆ. ಅರಸ ಭಂಡಾರ ತೆರೆಸಿ ಎಣಿಸುತ್ತಾನೆ. ಒಂದು ಹೊನ್ನೂ ಕಡಿಮೆ ಬೀಳುವುದಿಲ್ಲ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣವನ್ನು ಅನುಸರಿಸಿ ಭೀಮಕವಿ 1369ರಲ್ಲಿ ಕನ್ನಡದಲ್ಲಿ ಬಸವಪುರಾಣ ರಚಿಸಿದ. ಈ ಪರಂಪರೆ ಆ ಎಣಿಕೆಯನ್ನು ಶಿವನ ಕೃಪೆಯ ಪವಾಡವೆಂದೇ ಕಾಣುತ್ತದೆ. ಕೊಟ್ಟದ್ದು ಹೌದು, ಆದರೂ ತುಂಬಿಕೊಂಡಿತು ಎಂಬುದು ಅದರ ವಾದ.

ಭಕ್ತರ ಈ ಸಮರ್ಥನೆ ಎಷ್ಟು ದುಬಾರಿಯದೆಂದು ಅವರಿಗೇ ಹೊಳೆದಂತಿಲ್ಲ. ಖಾಲಿಯಾದ ಬೊಕ್ಕಸವನ್ನು ದೇವರು ತುಂಬಿಸಬೇಕಾಯಿತು ಎಂದರೆ ಹಣ ಹೋಗಿತ್ತೆಂದು ಒಪ್ಪಿದಂತೆಯೇ ಆಯಿತು. ಗಿರೀಶ ಕಾರ್ನಾಡರು ‘ತಲೆದಂಡ’ದಲ್ಲಿ (1990) ಈ ಗಂಟಿಗೇ ಕೈಹಾಕಿದ್ದಾರೆ. ಅಲ್ಲಿ ಬೊಕ್ಕಸದ ಲೆಕ್ಕ ಸರಿಯಾಗಿಯೇ ಇರುತ್ತದೆ. ಊರೆಲ್ಲ ಅದನ್ನು ಪವಾಡವೆಂದು ಕೊಂಡಾಡುವುದೇ ಬಸವಣ್ಣನಿಗೆ ಸಂಕಟವಾಗುತ್ತದೆ. ಆ ನಾಟಕಕಾರ ಪುರಾಣಕಾರರಿಗಿಂತ ವಚನಗಳಿಗೆ ಹತ್ತಿರವಿದ್ದಾರೆ ಎಂಬುದು ನನ್ನ ಎಣಿಕೆ. ಏಕೆಂದರೆ ವಚನಗಳಲ್ಲಿ ಬಸವಣ್ಣನವರು ತಮ್ಮ ಶುದ್ಧಿಗೆ ಪವಾಡದ ಸಾಕ್ಷಿ ಕರೆಯುವುದಿಲ್ಲ, ಆಣೆಯಿಡುತ್ತಾರೆ. ಹೊನ್ನಿನಲ್ಲಿ ಒಂದು ಒರೆಯಷ್ಟನ್ನಾಗಲಿ, ಸೀರೆಯಲ್ಲಿ ಒಂದು ಎಳೆಯನ್ನಾಗಲಿ ನಾಳೆಗೆಂದು ಬಯಸಿದರೆ ತಮಗೆ ಶಿಕ್ಷೆಯಾಗಲಿ ಎಂಬ ಧಾಟಿ ಅದು. ಕಳವಿನಿಂದ ಆರಂಭವಾಗಿ ಏಳು ನಿಷೇಧಗಳನ್ನು ಪೋಣಿಸುವ ವಚನವಂತೂ ಶಾಲೆಯ ಮಕ್ಕಳಿಗೂ ಬಾಯಿಪಾಠ. ಒಳಗಿನ ಶುದ್ಧಿ, ಹೊರಗಿನ ಶುದ್ಧಿ ಎರಡೂ ಅದೇ ಏಳರಲ್ಲಿವೆ ಎಂದು ಅದು ಮುಗಿಯುತ್ತದೆ. ಒಳಗಿಗೊಂದು ಪಟ್ಟಿ, ಹೊರಗಿಗೊಂದು ಪಟ್ಟಿ ಇಲ್ಲ.

ಅದೇ ಕಾಲದ ಶಾಸನಗಳನ್ನು ಇದರ ಪಕ್ಕ ಇಟ್ಟು ನೋಡಬೇಕು. ಚಾಲುಕ್ಯ, ಕಲಚುರಿ ಕಾಲದ ದತ್ತಿಶಾಸನಗಳು ಸಾಮಾನ್ಯವಾಗಿ ಶಾಪದಲ್ಲಿ ಮುಗಿಯುತ್ತವೆ. ಧರ್ಮವನ್ನು ಅಳಿದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆಗಳನ್ನು ಕೊಂದ ಪಾಪ. ಭೂಮಿಯನ್ನು ಕಸಿದವನು ಅರವತ್ತು ಸಾವಿರ ವರ್ಷ ಮಲದಲ್ಲಿ ಹುಳುವಾಗಿ ಹುಟ್ಟುತ್ತಾನೆ. ಆ ಶಾಪ ಬೀಳುವುದು ಮುಂದೆಂದೋ ಬರಲಿರುವ ಪರಕೀಯನ ಮೇಲೆ. ಕಲ್ಲು ನೆಡಿಸಿದವನು ತಾನು ಪ್ರಾಮಾಣಿಕನೆಂದು ಮೊದಲೇ ತೀರ್ಮಾನಿಸಿಕೊಂಡಿರುತ್ತಾನೆ.

ಶರಣರ ಅಂಗಳ ಗುಡಿಸುವ ಕಾಯಕದ ಸತ್ಯಕ್ಕ ಇದನ್ನು ತಿರುಗಿಸಿ ಹಾಕುತ್ತಾಳೆ. ಲಂಚಕ್ಕೆ ಕೈಚಾಚುವುದಿಲ್ಲ, ದಾರಿಯಲ್ಲಿ ಹೊನ್ನೋ ವಸ್ತ್ರವೋ ಬಿದ್ದಿದ್ದರೂ ಮುಟ್ಟಿ ಎತ್ತುವುದಿಲ್ಲ ಎಂದು ಶಿವನ ಮೇಲೆ ಆಣೆಯಿಟ್ಟು, ತಪ್ಪಿದರೆ ತನ್ನನ್ನೇ ನರಕಕ್ಕೆ ಹಾಕಿ ಎದ್ದು ಹೋಗು ಎಂದು ಅವನಿಗೇ ಹೇಳಿಬಿಡುತ್ತಾಳೆ. ಶಾಪದ ಗುರಿ ಇಲ್ಲಿ ಆಡಿದವಳೇ. ಇನ್ನೊಂದು ಮಾತು: ಅಂಗಳ, ಬೀದಿಗಳ ಕಸದಲ್ಲಿ ಕೈಯಾಡಿಸುವವಳಿಗೆ ಬಿದ್ದ ಹೊನ್ನು ಬರಿಯ ರೂಪಕವಲ್ಲ. ಯಾರೂ ನೋಡದ ಹೊತ್ತಿನಲ್ಲಿ ಪೊರಕೆಯ ತುದಿಗೆ ನಿಜವಾಗಿಯೂ ಸಿಗಬಹುದಾದ ವಸ್ತು ಅದು.

ಈ ಚರ್ಚೆಯ ತಿರುಳು ಇರುವುದು ಆಯ್ದಕ್ಕಿ ದಂಪತಿಗಳ ಪ್ರಸಂಗದಲ್ಲಿ. ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಬಂದ ಮಾರಯ್ಯ, ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ಜಂಗಮ ದಾಸೋಹ ನಡೆಸುತ್ತಿದ್ದ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಹೆಂಡತಿ ಲಕ್ಕಮ್ಮ ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಎಲ್ಲಿಂದ ತಂದೆಯೋ ಅಲ್ಲೇ ಸುರಿದು ಬಾ ಎಂದಳು.

ಚೆಲ್ಲಿದ ಅಕ್ಕಿ ಯಾರದು? ಆಯುವವನದೇ ಎಂದರೆ ಕಾನೂನೂ ಒಪ್ಪೀತು, ಲೋಕವೂ ಒಪ್ಪೀತು. ಕಳವಿಲ್ಲ, ಮೋಸವಿಲ್ಲ, ಸುಳ್ಳಂತೂ ಇಲ್ಲವೇ ಇಲ್ಲ. ತಂದದ್ದು ದಾಸೋಹಕ್ಕೆ, ಹೊಟ್ಟೆಬಾಕತನಕ್ಕಲ್ಲ. ಆದರೂ ಲಕ್ಕಮ್ಮನ ಪ್ರಕಾರ ಅಲ್ಲೊಂದು ಬಿರುಕಿದೆ. ನಿತ್ಯದ ಮನಸ್ಸು ಒಂದಾಗಿತ್ತು, ಇವತ್ತಿನ ಮನಸ್ಸು ಎರಡಾಗಿದೆ. ಇವತ್ತಿಗೆ ಸಾಕು ಎಂಬಲ್ಲಿ ನಾಳೆಗೂ ಇರಲಿ ಎಂಬುದು ನುಸುಳಿದೆ. ಆಸೆ ಅರಸರ ಸೊತ್ತು, ಭಕ್ತರಿಗೆ ಅದರ ಹಂಗೇಕೆ ಎಂಬ ಅರ್ಥದ ಮಾತನ್ನೂ ಅವಳು ಆಡುತ್ತಾಳೆ. ಕಲ್ಯಾಣದಂಥ ರಾಜಧಾನಿಯಲ್ಲಿ ನಿಂತು ಆಡಿದ್ದೆಂದರೆ ಅದು ಸಣ್ಣ ಚುಚ್ಚಲ್ಲ.

ವಿದ್ವಾಂಸರು ಈ ಪ್ರಸಂಗವನ್ನು ಸಾಮಾನ್ಯವಾಗಿ ಶ್ರಮದ ಘನತೆಯ ಪಾಠವಾಗಿ ಓದುತ್ತಾರೆ. ಆ ಓದಿನಲ್ಲಿ ಒಂದು ಎಳೆ ಕೈತಪ್ಪುತ್ತದೆ. ಇದು ನಿಮ್ಮ ಮನಸ್ಸೋ, ಬಸವಣ್ಣನ ಸಂಶಯವೋ ಎಂದು ಲಕ್ಕಮ್ಮ ಗಂಡನನ್ನು ಕೇಳುತ್ತಾಳೆ. ಅಕ್ಕಿ ಹೆಚ್ಚು ಬಿದ್ದದ್ದು ಪರೀಕ್ಷೆಗಾಗಿಯೇ ಇದ್ದೀತು ಎಂಬ ಗುಮಾನಿ ಅವಳಿಗೆ. ಅರಸನ ಭಂಡಾರಿಯೊಬ್ಬ ಬಡವನ ಪ್ರಾಮಾಣಿಕತೆಯನ್ನು ಒರೆಗೆ ಹಚ್ಚುವುದಾದರೆ, ಹಚ್ಚುವವನ ಮನಸ್ಸು ಎಷ್ಟು ಇಡಿಯಾಗಿದೆ? ಬಿಜ್ಜಳ ಬಸವಣ್ಣನವರ ಲೆಕ್ಕ ಕೇಳಿದ. ಲಕ್ಕಮ್ಮ ಕೂಡ ಕೇಳಿದಳು. ಪುರಾಣಗಳು ಮೊದಲನೆಯದನ್ನು ಮಾತ್ರ ಆರೋಪವೆಂದು ಕರೆದಿವೆ.

ಇಲ್ಲಿ ಆಕರಗಳ ವಿಚಾರ ಬಿಡುವಂತಿಲ್ಲ. ಈ ವಚನಗಳನ್ನು ಸಂಭಾಷಣೆಯಾಗಿ ಹೆಣೆದವರು ವಿಜಯನಗರ ಕಾಲದ ಶೂನ್ಯಸಂಪಾದನೆಯ ಸಂಕಲನಕಾರರು. ಮೊದಲಿಗ 15ನೆಯ ಶತಮಾನದ ಶಿವಗಣಪ್ರಸಾದಿ ಮಹಾದೇವಯ್ಯ. ಹೆಚ್ಚು ಪ್ರಚಾರದಲ್ಲಿರುವುದು ಗೂಳೂರು ಸಿದ್ಧವೀರಣ್ಣೊಡೆಯರ ಪಾಠ. ಮಾರಯ್ಯ ಬಂದ, ಲಕ್ಕಮ್ಮ ಹೇಳಿದಳು ಎಂಬ ಚೌಕಟ್ಟು 12ನೆಯ ಶತಮಾನದ ವರದಿಯಲ್ಲ, ಅವರ ಕಟ್ಟಡ. ಈ ಕಥೆಯೂ ಕೊನೆಗೆ ಪವಾಡಕ್ಕೇ ಜಾರಿತು. ಹಿಡಿ ಅಕ್ಕಿಯಲ್ಲಿ ದಂಪತಿಗಳು ಲಕ್ಷದ ಮೇಲಣ ಜಂಗಮರಿಗೆ ಉಣಬಡಿಸಿದರೆಂದು ಸಂಪ್ರದಾಯ ಹೇಳುತ್ತದೆ. ಬೊಕ್ಕಸ ತುಂಬಿಸಿದ ಕೈಯೇ ಇಲ್ಲಿ ಅನ್ನದ ಗಡಿಗೆಯನ್ನೂ ತುಂಬಿಸಿತು.

ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 1993ರಲ್ಲಿ 15 ಸಂಪುಟಗಳಾಗಿ ಬಂದ ಸಮಗ್ರ ವಚನ ಸಂಪುಟದಲ್ಲಿ ಶರಣೆಯರ ವಚನಗಳು ಕಥೆಯ ಹೊದಿಕೆ ಕಳಚಿಕೊಂಡು ಬಿಡಿಬಿಡಿಯಾಗಿ ಅಚ್ಚಾಗಿವೆ. ಅಲ್ಲಿ ಲಕ್ಕಮ್ಮನ ಆ ವಚನದ ಹಿಂದುಮುಂದೆ ಔತಣವಿಲ್ಲ. ಅದು ಅಕ್ಕಿಯನ್ನು ಸುರಿದು ಬರಲು ಹೇಳುವಲ್ಲಿಗೆ ನಿಲ್ಲುತ್ತದೆ.