ಸ್ಪ್ರಾಕೆಟ್, ಮೋಟಾರ್‌ಸೈಕಲ್: ಲೋಹ ಮತ್ತು ಬಾಳಿಕೆ

ಎಂಜಿನ್ನಿನ ಬಲವನ್ನು ಚೈನಿನ ಮೂಲಕ ಹಿಂದಿನ ಚಕ್ರಕ್ಕೆ ದಾಟಿಸುವ ಹಲ್ಲಿನ ಬಿಲ್ಲೆ. ಗೇರ್‌ಬಾಕ್ಸಿನ ಹೊರತುದಿಯಲ್ಲಿ ಚಿಕ್ಕದೊಂದು, ಹಿಂಚಕ್ರದ ಹಬ್ ಮೇಲೆ ದೊಡ್ಡದೊಂದು ಇರುತ್ತದೆ. ಚೈನನ್ನೂ ಸೇರಿಸಿ ಮೂರನ್ನೂ ಗ್ಯಾರೇಜುಗಳಲ್ಲಿ ‘ಚೈನ್ ಸೆಟ್’ ಎನ್ನುತ್ತಾರೆ.

ಲೋಹಗಳು

ದಿನಬಳಕೆಯ ಬೈಕುಗಳಲ್ಲಿ ಹೆಚ್ಚಾಗಿ ಕಾಣುವುದು ಸುಮಾರು 0.40–0.45% ಇಂಗಾಲವಿರುವ ಉಕ್ಕು. ವ್ಯಾಪಾರದಲ್ಲಿ ಇದು ಸಿ45 ಅಥವಾ ಇಎನ್8. ದಪ್ಪ ತಗಡಿನಿಂದ ಬಿಲ್ಲೆ ಕತ್ತರಿಸಿ, ಹಲ್ಲು ತೆಗೆದು, ಹಲ್ಲಿನ ಭಾಗವನ್ನಷ್ಟೇ ಇಂಡಕ್ಷನ್ ಸುರುಳಿಯೊಳಗೆ ಕೆಂಪಗೆ ಕಾಯಿಸಿ ಥಟ್ಟನೆ ತಣಿಸುತ್ತಾರೆ. ಹಲ್ಲು ಗಡುಸಾಗುತ್ತದೆ, ಬಿಲ್ಲೆಯ ಮಧ್ಯಭಾಗ ಜಿಗುಟಾಗಿಯೇ ಉಳಿದು ಎಳೆತದ ಹೊಡೆತ ತಾಳುತ್ತದೆ. ಮುಂದಿನ ಸ್ಪ್ರಾಕೆಟ್ಟಿಗೆ ಮ್ಯಾಂಗನೀಸ್–ಕ್ರೋಮಿಯಂ ಬೆರೆತ, ಇಂಗಾಲ ಕಡಿಮೆಯಿರುವ ಉಕ್ಕನ್ನು ಆರಿಸಿ, ಮೈಗೆ ಮಾತ್ರ ಇಂಗಾಲ ಊಡಿ ಗಡುಸುಗೊಳಿಸುವುದೂ ಉಂಟು. ಏಕೆಂದರೆ ಮುಂದೆ 14, ಹಿಂದೆ 42 ಹಲ್ಲುಗಳಿದ್ದರೆ ಮುಂದಿನ ಒಂದೊಂದು ಹಲ್ಲೂ ಹಿಂದಿನದರ ಮೂರು ಪಟ್ಟು ಸಲ ಚೈನಿನ ಭಾರ ಹೊರಬೇಕು.

ರೇಸ್ ಬೈಕುಗಳ ಹಿಂದಿನ ಸ್ಪ್ರಾಕೆಟ್ಟಿಗೆ ಸತು, ಮೆಗ್ನೀಸಿಯಂ, ತಾಮ್ರ ಬೆರೆತ 7075 ಅಲ್ಯೂಮಿನಿಯಂ ಬಳಕೆಯಲ್ಲಿದೆ. ಅದರ ಸಾಂದ್ರತೆ ಉಕ್ಕಿನ ಮೂರನೇ ಒಂದಕ್ಕಿಂತ ತುಸು ಹೆಚ್ಚು. ಅಲ್ಯೂಮಿನಿಯಂ ನಡುವಿಗೆ ಉಕ್ಕಿನ ಹಲ್ಲುಬಳೆ ರಿವೆಟ್ ಮಾಡಿದ ಜೋಡಿಲೋಹದ ಬಿಲ್ಲೆಗಳೂ ದೊರೆಯುತ್ತವೆ.

ಕರಾವಳಿಯಲ್ಲಿ ಸವೆತ

ಉಡುಪಿ ಜಿಲ್ಲೆಯ ನಂದಿಕೂರಿನಂಥ ಊರು ಲೋಹಕ್ಕೆ ಕಠಿಣ ಪರೀಕ್ಷೆ. ಸಮುದ್ರ ಕೆಲವೇ ಕಿಲೋಮೀಟರ್ ದೂರ; ಜಿಲ್ಲೆಯ ವರ್ಷದ ಮಳೆ 4,000 ಮಿ.ಮೀ. ಆಸುಪಾಸು, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಮಳೆ ಚೈನಿನ ಎಣ್ಣೆಯನ್ನು ತೊಳೆಯುತ್ತದೆ, ಒದ್ದೆ ರಸ್ತೆಯ ಹೊಯಿಗೆ ಆ ಜಾಗಕ್ಕೆ ಬಂದು ಕೂರುತ್ತದೆ. ವಿಕರ್ಸ್ ಮಾಪನದಲ್ಲಿ ಹೊಯಿಗೆಯ ಸ್ಫಟಿಕಶಿಲೆ ಸಾವಿರ ದಾಟಿದರೆ, ಗಡುಸುಗೊಳಿಸಿದ ಹಲ್ಲು ಸುಮಾರು 500, 7075 ಅಲ್ಯೂಮಿನಿಯಂ 175ರ ಹತ್ತಿರ. ಹಾಗಾಗಿ ಎರಡೂ ಸವೆಯುತ್ತವೆ. ಗಡುಸು ಪದರ ಸವೆತವನ್ನು ನಿಧಾನಿಸಬಲ್ಲದು, ತಡೆಯಲಾರದು. ಅಲ್ಯೂಮಿನಿಯಂ ಮೇಲಿನ ಆನೊಡೈಸ್ ಪದರ ಮೈಕ್ರಾನುಗಳ ಲೆಕ್ಕದ್ದು. ಅದು ಹೋದ ಮೇಲೆ ಹಲ್ಲು ಬೇಗ ಕರಗುತ್ತದೆ. ಜೊತೆಗೆ ಉಪ್ಪುನೀರು ಹಿಡಿದಲ್ಲಿ, ಉಕ್ಕಿನ ಬೋಲ್ಟ್ ತಾಗಿದ ಅಲ್ಯೂಮಿನಿಯಂ ತಾನೇ ಮೊದಲು ತಿನ್ನಿಸಿಕೊಳ್ಳುತ್ತದೆ. ಪಡುಬಿದ್ರಿ–ಕಾರ್ಕಳ ರಸ್ತೆಯಲ್ಲಿ ನಿತ್ಯ ಓಡಾಡುವ ಬೈಕಿಗೆ ಅಲ್ಯೂಮಿನಿಯಂ ಸ್ಪ್ರಾಕೆಟ್ ಹೊಂದುವ ಆಯ್ಕೆಯಲ್ಲ.

ಆದರೂ ಲೋಹವೊಂದೇ ಬಾಳಿಕೆಯನ್ನು ತೀರ್ಮಾನಿಸದು. ಪಿನ್ನು, ಬುಶ್ಶುಗಳು ಸವೆದು ಚೈನ್ ಉದ್ದವಾದರೆ ರೋಲರು ಹಲ್ಲಿನ ಬುಡದಲ್ಲಿ ಕೂರದೆ ಮೇಲೇರುತ್ತದೆ. ಭಾರ ಕೆಲವೇ ಹಲ್ಲುಗಳ ಮೇಲೆ ಬಿದ್ದು ಅವು ಕೊಕ್ಕೆಯಾಗುತ್ತವೆ. ಹಳೇ ಚೈನಿಗೆ ಹೊಸ ಸ್ಪ್ರಾಕೆಟ್ ಹಾಕಿ ಹಣ ಉಳಿಸಿದವರು ಬಹುಮಟ್ಟಿಗೆ ಎರಡನ್ನೂ ಕಳೆದುಕೊಳ್ಳುತ್ತಾರೆ.

ಚೈನ್ ಕವರ್: ಮೈಸೂರಿನ ನಿದರ್ಶನ

ಬೈಕುಗಳಲ್ಲಿ ಬಳಸುವ ಬುಶ್ ರೋಲರ್ ಚೈನನ್ನು ಹ್ಯಾನ್ಸ್ ರೆನಾಲ್ಡ್ 1880ರಲ್ಲಿ ಇಂಗ್ಲೆಂಡಿನಲ್ಲಿ ರೂಪಿಸಿದ. ಅದನ್ನು ಧೂಳಿನಿಂದ ಕಾಯುವುದಕ್ಕೆ ಕರ್ನಾಟಕದಲ್ಲಿ ಸಿಗುವ ಒಳ್ಳೆಯ ಉದಾಹರಣೆ ಮೈಸೂರಿನ ಐಡಿಯಲ್ ಜಾವಾ. ಜೆಕೊಸ್ಲೊವಾಕಿಯದ ಪರವಾನಗಿಯ ಮೇರೆಗೆ 1961ರಲ್ಲಿ ಯಾದವಗಿರಿಯಲ್ಲಿ ಆರಂಭವಾದ ಈ ಕಾರ್ಖಾನೆಯಿಂದ ಜಾವಾ, ಮುಂದೆ ಯೆಜ್ಡಿ ಬೈಕುಗಳು ಹೊರಬಂದವು. 1996ರಲ್ಲಿ ಅದು ಮುಚ್ಚಿತು. ಜಾವಾದ ಹಿಂದಿನ ಚೈನ್ ಪೂರ್ತಿ ತಗಡಿನ ಪೆಟ್ಟಿಗೆಯೊಳಗೆ ಓಡುತ್ತಿತ್ತು. 1985ರಲ್ಲಿ ಬಂದ ಹೀರೋ ಹೋಂಡಾ ಸಿಡಿ 100 ಕೂಡ ಇದೇ ದಾರಿ ಹಿಡಿಯಿತು. ಮುಂದೆ ಸ್ಪೋರ್ಟ್ಸ್ ಬೈಕಿನ ಮೋಹದಲ್ಲಿ ಈ ಕವರ್ ಹಲವು ಮಾದರಿಗಳಿಂದ ಮಾಯವಾಯಿತು. ಮಳೆ ಹೆಚ್ಚಿರುವ ಕಡೆಯ ಸವಾರರಿಗೆ ಇದು ನಷ್ಟವೆಂದೇ ಹೇಳಬೇಕು.

ಓಟದ ಮೇಲೆ ಪರಿಣಾಮ

ಹಗುರ ಬಿಲ್ಲೆಯಿಂದ ಸಿಗುವ ಚುರುಕು ಅಲ್ಪ. ಭಾರ ಚಕ್ರದ ನಡುವಿಗೆ ಹತ್ತಿರವಿರುವುದರಿಂದ ರಿಮ್ ಅಥವಾ ಟಯರ್ ಹಗುರಾದಷ್ಟು ಲಾಭವಿಲ್ಲ. ಹಲ್ಲಿನ ಸಂಖ್ಯೆಯ ಪ್ರಭಾವ ಹೆಚ್ಚು. ಮುಂದೆ 14ರ ಬದಲು 15 ಹಾಕಿದರೆ ಅದೇ ಎಂಜಿನ್ ವೇಗಕ್ಕೆ ಬೈಕ್ ಸುಮಾರು 7% ಹೆಚ್ಚು ದೂರ ಸಾಗುತ್ತದೆ, ಆಗುಂಬೆ ಘಾಟಿ ಏರುವಾಗ ಎಳೆತ ಅಷ್ಟೇ ಕುಗ್ಗುತ್ತದೆ.