ಸೊನ್ನೆ ಕ್ರೆಡಿಟ್‌ನ ಗಣಿತ

ಹೋದ ತಿಂಗಳು ಊರಿಗೆ ಹೋಗಿದ್ದೆ. ಊರು ಅಂದರೆ ಸೋಂಪುರ, ನೆಲಮಂಗಲ ತಾಲ್ಲೂಕು. ನಿಮ್ಮಲ್ಲಿ ಹೆಚ್ಚಿನವರಿಗೆ ಆ ಹೆಸರು ಗೊತ್ತಿದ್ದರೆ ಅದು ಕೈಗಾರಿಕಾ ಪ್ರದೇಶದ ಬೋರ್ಡಿನಿಂದ. ತುಮಕೂರು ರಸ್ತೆಯಲ್ಲಿ ಡಾಬಸ್‌ಪೇಟೆ ಹತ್ತಿರ ಬರುವಾಗ, ಶಿವಗಂಗೆ ಬೆಟ್ಟ ಕಾಣೋ ಹೊತ್ತಿಗೆ ಆ ಬೋರ್ಡೂ ಕಾಣತ್ತೆ. ನಾನು ಚಿಕ್ಕವನಿದ್ದಾಗ ರಾಗಿ ಹೊಲ ಇದ್ದ ಕಡೆ ಈಗ ಕಾಂಪೌಂಡು, ಶೆಡ್ಡು, ಲಾರಿ.

ಮಧ್ಯಾಹ್ನ ಊಟ ಮುಗಿಸಿ ಜಗಲಿ ಮೇಲೆ ಕೂತಿದ್ದಾಗ ಪಕ್ಕದ ಮನೆ ಹುಡುಗಿ ಬಂದಳು. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ್ದಾಳೆ. ಡಿಸಿಇಟಿ ಬರೆದು ನೇರ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರೋ ತಯಾರಿ.

"ಅಣ್ಣಾ, ಡಿಪ್ಲೊಮಾದಿಂದ ಹೋದೋರಿಗೆ ಮ್ಯಾಥ್ಸ್ ಎಕ್ಸ್‌ಟ್ರಾ ಇರ್ತದಂತೆ. ಆದ್ರೆ ಅದಕ್ಕೆ ಕ್ರೆಡಿಟ್ಟೇ ಇಲ್ವಂತೆ. ಹಂಗಾದ್ರೆ ಓದದಿದ್ರೂ ನಡೀತದಾ?"

ನನಗೆ ನಗು ಬಂತು, ಜೊತೆಗೆ ಸ್ವಲ್ಪ ಹೊಟ್ಟೆಯೂ ಚುರುಕ್ ಅಂತು. 2019ರಲ್ಲಿ ಇದೇ ಪ್ರಶ್ನೆಯನ್ನ ನಾನು ನನಗೇ ಕೇಳಿಕೊಂಡಿದ್ದೆ. "ನಡೀತದೆ" ಅಂತ ನಾನೇ ಉತ್ತರವನ್ನೂ ಕೊಟ್ಟುಕೊಂಡಿದ್ದೆ. ನಡೀಲಿಲ್ಲ.

ಆಗ ವಿಟಿಯುದಲ್ಲಿ 2018ರ ಪಠ್ಯಕ್ರಮ ನಡೀತಿತ್ತು. ಡಿಪ್ಲೊಮಾದಿಂದ ಲ್ಯಾಟರಲ್ ಎಂಟ್ರಿಯಲ್ಲಿ ಬಂದವರು ಮೂರನೇ ಸೆಮಿಸ್ಟರ್‌ನಲ್ಲಿ ಒಂದು, ನಾಲ್ಕನೇ ಸೆಮಿಸ್ಟರ್‌ನಲ್ಲಿ ಇನ್ನೊಂದು, ಹೀಗೆ ಎರಡು ಅಡಿಷನಲ್ ಮ್ಯಾಥಮೆಟಿಕ್ಸ್ ಪೇಪರ್ ಬರೀಬೇಕು. ಹುಡುಗರ ಬಾಯಲ್ಲಿ ಅದು ಮ್ಯಾಟ್‌ಡಿಪ್. ಇಂಟರ್ನಲ್ 40, ಪರೀಕ್ಷೆ 60, ಎಲ್ಲಾ ಪೇಪರ್‌ಗಳ ಹಾಗೇ. ಕ್ರೆಡಿಟ್ ಮಾತ್ರ ಸೊನ್ನೆ. ನಿಯಮದ ಸಾರ ಇಷ್ಟು: ಇದರಲ್ಲಿ ಫೇಲಾದರೂ ಮುಂದಿನ ವರ್ಷಕ್ಕೆ ಹೋಗಬಹುದು, ಆದರೆ ಪಾಸಾಗದೆ ಡಿಗ್ರಿ ಸಿಗಲ್ಲ.

ಇಪ್ಪತ್ತರ ಹುಡುಗನ ಕಿವಿಗೆ ಈ ವಾಕ್ಯದ ಮೊದಲರ್ಧ ಮಾತ್ರ ಬೀಳತ್ತೆ. ನನಗೂ ಅಷ್ಟೇ ಬಿತ್ತು. ಅದೇ ಸೆಮಿಸ್ಟರ್‌ನಲ್ಲಿ ಎಲ್ಲರ ಜೊತೆ ಬರೀಬೇಕಾದ ಮುಖ್ಯ ಗಣಿತವೂ ಇತ್ತು: ಲಾಪ್ಲಾಸ್, ಫೋರಿಯರ್. ಮ್ಯಾಟ್‌ಡಿಪ್ ಕ್ಲಾಸಿನಲ್ಲಿ ನಮಗೆ ಸಂಕೀರ್ಣ ಸಂಖ್ಯೆ, ವೆಕ್ಟರ್, ಅವಕಲನ, ಸಂಕಲನ ಹೇಳಿಕೊಡ್ತಿದ್ದರು. ಅಂದರೆ ಬೆಳಿಗ್ಗೆ ಎರಡನೇ ಮಹಡಿಗೆ ಗೋಡೆ ಎಬ್ಬಿಸೋದು, ಸಂಜೆ ಪಾಯ ತೋಡೋದು. ಎರಡಕ್ಕೂ ಸಮಯ ಸಾಲದೆ ಹೋದಾಗ ನಾನು ಪಾಯ ಬಿಟ್ಟೆ. ಗೋಡೆಗೆ ಕ್ರೆಡಿಟ್ ಇತ್ತಲ್ಲ!

ಮ್ಯಾಟ್‌ಡಿಪ್ ಒಂದರಲ್ಲಿ ಫೇಲಾದೆ. ಮತ್ತೆ ಬರೆಯೋಣ ಅನ್ನುವಷ್ಟರಲ್ಲಿ ಕೋವಿಡ್ ಬಂತು. ಇನ್ನೊಂದು ಸಲ ಬರೆದೆ, ಓದಿರಲಿಲ್ಲ, ಮತ್ತೆ ಫೇಲು. ಅಂತಿಮ ವರ್ಷದಲ್ಲಿ ಕ್ಯಾಂಪಸ್‌ಗೆ ಒಂದು ಕಂಪನಿ ಬಂದಾಗ ಫಾರಂನಲ್ಲಿ ಒಂದು ಕಾಲಂ: ಬಾಕಿ ಇರೋ ಸಬ್ಜೆಕ್ಟ್ ಎಷ್ಟು? "ಒಂದು" ಅಂತ ಬರೆದೆ. "ಸರ್, ಅದು ಕ್ರೆಡಿಟ್ ಇಲ್ಲದ್ದು" ಅಂದೆ. ಎದುರಿಗಿದ್ದವರು ಫಾರಂ ವಾಪಸ್ ಕೊಟ್ಟರು. ಜೋರಾಗಿ ಏನೂ ಹೇಳಲಿಲ್ಲ, ಮುಂದಿನವರನ್ನ ಕರೆದರು ಅಷ್ಟೇ.

ತಪ್ಪು ನನ್ನದೇ, ಅದರಲ್ಲಿ ಅನುಮಾನ ಇಲ್ಲ. ಆದರೂ ಆ ಸೊನ್ನೆ ನನ್ನ ತಲೇಲಿ ಬಹಳ ದಿನ ಕೂತಿತ್ತು. ಕಡ್ಡಾಯ ಅಂದಮೇಲೆ ಸೊನ್ನೆ ಯಾಕೆ? ಸೊನ್ನೆ ಅಂದಮೇಲೆ ಕಡ್ಡಾಯ ಯಾಕೆ? ಇದು ಎಲ್ಲಿಂದ ಬಂತು ಅಂತ ಹುಡುಕ್ತಾ ಹೋದಾಗ ಸಿಕ್ಕಿದ ಕಥೆ ಇದು.

ಶುರು ಮಾಡೋಕೆ, ವಿಶ್ವವಿದ್ಯಾಲಯದ ಹೆಸರಿನಲ್ಲೇ ಇರುವವರಿಂದ ಶುರು ಮಾಡೋಣ. ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ 1881ರಲ್ಲಿ ಮುಗಿಸಿದ್ದು ಎಂಜಿನಿಯರಿಂಗ್ ಅಲ್ಲ, ಬಿ.ಎ. ಮೈಸೂರು ಸೀಮೆಗೆ ಆಗ ತನ್ನದೇ ವಿಶ್ವವಿದ್ಯಾಲಯ ಇರಲಿಲ್ಲ, ಸೆಂಟ್ರಲ್ ಕಾಲೇಜು ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಸೇರಿತ್ತು. ಚಿಕ್ಕ ವಯಸ್ಸಿನಲ್ಲೇ ತಂದೆಯನ್ನ ಕಳೆದುಕೊಂಡಿದ್ದ ಹುಡುಗ ಮನೆಪಾಠ ಹೇಳಿ ಓದಿದರು. ಆಮೇಲೆ ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಪುಣೆಯ ವಿಜ್ಞಾನ ಕಾಲೇಜಿಗೆ ಹೋಗಿ ಎಂಜಿನಿಯರ್ ಆದರು. ಅಂದರೆ ಅವರ ಕಾಲದ ಕ್ರಮ ಹೀಗಿತ್ತು: ಮೊದಲು ಭಾಷೆ, ಗಣಿತ, ಸಾಮಾನ್ಯ ವಿದ್ಯೆ, ಆಮೇಲೆ ಕಸುಬು. ಸಾಮಾನ್ಯ ಶಿಕ್ಷಣ ಅನ್ನೋದು ಪಕ್ಕದ ಕೋಣೆ ಆಗಿರಲಿಲ್ಲ, ಮನೆಯ ಹೆಬ್ಬಾಗಿಲೇ ಆಗಿತ್ತು.

ಅವರು ದಿವಾನರಾಗಿದ್ದಾಗ 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಬಂತು. 1917ರಲ್ಲಿ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ಬಂತು, ಅದೇ ಇವತ್ತಿನ ಯುವಿಸಿಇ. ಆದರೆ ಕಾರ್ಖಾನೆಗೆ ಎಂಜಿನಿಯರ್ ಮಾತ್ರ ಸಾಕೇ? ಯಂತ್ರದ ಮುಂದೆ ನಿಲ್ಲೋರು ಬೇಕು, ಡ್ರಾಯಿಂಗ್ ಓದಿ ಕೆಲಸ ಮಾಡಿಸೋರು ಬೇಕು. ಅದಕ್ಕಾಗಿ 1943ರಲ್ಲಿ, ಅವರದೇ ಮುತುವರ್ಜಿಯಿಂದ, ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಶುರುವಾಯಿತು. ನಾವು ಈಗ ಎಸ್‌ಜೆ ಪಾಲಿಟೆಕ್ನಿಕ್ ಅಂತೀವಿ. ಬಹಳ ಓದು ಬೇಡ, ಬೇಗ ಕೈಗೆ ಕೆಲಸ ಸಿಗಲಿ ಅನ್ನೋದು ಇಂಥ ಸಂಸ್ಥೆಗಳ ಉದ್ದೇಶ.

ಮುಂದಿನ ಸಲ ಕೆ.ಆರ್. ಸರ್ಕಲ್ ಸಿಗ್ನಲ್‌ನಲ್ಲಿ ಸಿಕ್ಕಿಹಾಕಿಕೊಂಡಾಗ ನೋಡಿ. ಯುವಿಸಿಇ ಒಂದು ಕಡೆ, ಶೇಷಾದ್ರಿ ರಸ್ತೆಯಲ್ಲಿ ಎಸ್‌ಜೆ ಪಾಲಿಟೆಕ್ನಿಕ್ ಇನ್ನೊಂದು ಕಡೆ. ಈ ಗೇಟಿನಿಂದ ಆ ಗೇಟಿಗೆ ನಡೆದರೆ ಕೆಲವೇ ನಿಮಿಷ. ಆದರೆ ಪಾಲಿಟೆಕ್ನಿಕ್ ಗೇಟಿನಿಂದ ಹೊರಬಂದವನು ಎಂಜಿನಿಯರಿಂಗ್ ಗೇಟಿನೊಳಗೆ ಹೋಗೋದು ಅಷ್ಟು ಸುಲಭ ಇರಲಿಲ್ಲ.

1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಬಂದವು. ಇಂಥ ಕಾರ್ಖಾನೆಗಳ ಡಿಪ್ಲೊಮಾ ಓದಿದವರಿಗೆ ಎಂಜಿನಿಯರ್ ಆಗೋ ಆಸೆ ಇದ್ದರೆ ದಾರಿ ಎರಡು. ಒಂದು, ಪಾಳಿ ಮುಗಿಸಿ ಸಂಜೆ ಕಾಲೇಜು. ಇನ್ನೊಂದು, ಎಎಂಐಇ. 1920ರಲ್ಲಿ ಸ್ಥಾಪನೆಯಾದ ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್ ನಡೆಸುವ ಪರೀಕ್ಷೆ ಅದು. ಕಾಲೇಜಿಗೆ ಹೋಗದೆ, ರಾತ್ರಿ ಮನೇಲಿ ಓದಿ, ಎ ಸೆಕ್ಷನ್, ಬಿ ಸೆಕ್ಷನ್ ಅಂತ ಒಂದೊಂದೇ ಪೇಪರ್ ಪಾಸ್ ಮಾಡಿಕೊಳ್ಳೋದು. ನಿಮ್ಮ ದೊಡ್ಡಪ್ಪನೋ ಮಾವನೋ ಪಿಎಸ್‌ಯುದಲ್ಲಿ ಇದ್ದಿದ್ದರೆ ಕೇಳಿ ನೋಡಿ, ಎಎಂಐಇಗೆ ಕೂತವರ ಒಂದಾದರೂ ಕಥೆ ಸಿಗತ್ತೆ. ಪೂರ್ತಿ ಮುಗಿಸಿದವರಷ್ಟೇ ಅರ್ಧಕ್ಕೆ ಬಿಟ್ಟವರ ಕಥೆಯೂ ಸಿಗತ್ತೆ.

ಇದೇ ಕಾಲದಲ್ಲಿ ಅಮೆರಿಕದಲ್ಲಿ ಇದಕ್ಕೆ ಬೇರೆಯೇ ಉತ್ತರ ಹುಡುಕ್ತಿದ್ದರು. ಅದು ನನಗೆ ಗೊತ್ತಾದದ್ದು ನಮ್ಮ ಟೀಮಿನ ಕ್ಯಾಲಿಫೋರ್ನಿಯಾದ ಸಹೋದ್ಯೋಗಿಯಿಂದ. ಹಾಸನದ ಕಡೆಯವರು, ಅಲ್ಲಿಗೆ ಹೋಗಿ ಇಪ್ಪತ್ತು ವರ್ಷ. ಮಗ ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷ ಓದಿ ದೊಡ್ಡ ವಿಶ್ವವಿದ್ಯಾಲಯಕ್ಕೆ ವರ್ಗ ಆಗೋದರಲ್ಲಿದ್ದ. "ಅವನು ಕಂಪ್ಯೂಟರ್ ಸೈನ್ಸ್ ಹುಡುಗ ಮಾರಾಯಾ, ಆದರೆ ಕಲೆ, ಇತಿಹಾಸ, ಜೀವಶಾಸ್ತ್ರ ಎಲ್ಲಾ ಲಿಸ್ಟ್ ಪ್ರಕಾರ ಮುಗಿಸಬೇಕು" ಅಂತ ಒಂದು ಕಾಲ್‌ನಲ್ಲಿ ಗೊಣಗಿದರು. 1901ರಲ್ಲಿ ಇಲಿನಾಯ್‌ನ ಜೋಲಿಯೆಟ್‌ನಲ್ಲಿ ಶುರುವಾದ ಜೂನಿಯರ್ ಕಾಲೇಜು ಈ ಪರಂಪರೆಯ ಮೊದಲಿನದು. ಕ್ಯಾಲಿಫೋರ್ನಿಯಾ 1960ರ ಮಾಸ್ಟರ್ ಪ್ಲಾನ್‌ನಲ್ಲಿ ಕಮ್ಯುನಿಟಿ ಕಾಲೇಜಿನಿಂದ ವಿಶ್ವವಿದ್ಯಾಲಯಕ್ಕೆ ದಾಟುವ ದಾರಿಯನ್ನ ತನ್ನ ವ್ಯವಸ್ಥೆಯ ಭಾಗವಾಗಿ ಮಾಡಿಕೊಂಡಿತು. 1991ರಲ್ಲಿ ಐಜಿಇಟಿಸಿ ಅನ್ನೋ ಒಂದೇ ಸಾಮಾನ್ಯ ಶಿಕ್ಷಣದ ಪಟ್ಟಿ ಬಂತು. ಇಂಗ್ಲಿಷ್, ಗಣಿತ, ಕಲೆ, ಸಮಾಜವಿಜ್ಞಾನ, ವಿಜ್ಞಾನವನ್ನೆಲ್ಲ ಕಮ್ಯುನಿಟಿ ಕಾಲೇಜಿನಲ್ಲೇ ಮುಗಿಸಿದರೆ, ದಾಟಿದ ಮೇಲೆ ಆ ಮೊದಲ ಹಂತದ ವಿಷಯಗಳನ್ನ ಮತ್ತೆ ಓದಬೇಕಿಲ್ಲ.

ಗಮನಿಸಿ, ಅಲ್ಲಿನ ಹುಡುಗನಿಗೂ ಗೊಣಗಾಟ ಇದೆ. ಆದರೆ ಅವನು ಓದೋ ಇತಿಹಾಸಕ್ಕೆ ಕ್ರೆಡಿಟ್ ಇದೆ, ಅದನ್ನ ದಾಟೋ ಮೊದಲೇ ಓದುತ್ತಾನೆ, ಮತ್ತು ನೇರವಾಗಿ ವಿಶ್ವವಿದ್ಯಾಲಯಕ್ಕೆ ಸೇರಿದ ಹುಡುಗನೂ ಅಂಥದ್ದನ್ನೇ ಓದಿರುತ್ತಾನೆ.

ನಮ್ಮಲ್ಲೂ ಆ ಯೋಚನೆ ಇರಲಿಲ್ಲ ಅಂತಲ್ಲ. ಸ್ವಾತಂತ್ರ್ಯ ಬಂದ ಮರುವರ್ಷವೇ, 1948ರಲ್ಲಿ, ವಿಶ್ವವಿದ್ಯಾಲಯ ಶಿಕ್ಷಣ ಆಯೋಗ ರಚನೆಯಾಯಿತು. ಅಧ್ಯಕ್ಷರು ರಾಧಾಕೃಷ್ಣನ್. ಒಂದು ಕಾಲಕ್ಕೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಪಾಠ ಮಾಡಿದ್ದವರು. ಪದವಿ ಓದುವವರಿಗೆ ತಮ್ಮ ವಿಷಯದ ಜೊತೆಗೆ ಸಾಮಾನ್ಯ ಶಿಕ್ಷಣವೂ ಬೇಕು ಅಂತ ಆ ಆಯೋಗ ಒತ್ತಿ ಹೇಳಿತು. ಆದರೆ ನಮ್ಮ ವ್ಯವಸ್ಥೆ ಎಸ್ಎಸ್ಎಲ್‌ಸಿ ಮುಗಿದ ಕೂಡಲೇ ಮಕ್ಕಳನ್ನ ಬೇರೆ ಬೇರೆ ಸಾಲಿನಲ್ಲಿ ನಿಲ್ಲಿಸಿತು. ಪಿಯುಸಿ ಒಂದು ಸಾಲು, ಡಿಪ್ಲೊಮಾ ಒಂದು, ಐಟಿಐ ಇನ್ನೊಂದು. ಯಾವ ಸಾಲಿನಲ್ಲಿ ಯಾರ ಮನೆ ಮಕ್ಕಳು ಹೆಚ್ಚು ನಿಂತರು ಅನ್ನೋದನ್ನ ನಾನು ಬಿಡಿಸಿ ಹೇಳಬೇಕಿಲ್ಲ.

ನಮ್ಮಪ್ಪ ಐಟಿಐ ಓದಿ ಪೀಣ್ಯದಲ್ಲಿ ಫಿಟ್ಟರ್ ಆದವರು. ಡಿಪ್ಲೊಮಾ ಮಾಡೋ ಆಸೆ ಇತ್ತು. ಅವರಿಗೆ ಗೊತ್ತಿದ್ದ ದಾರಿ ಒಂದೇ, ಮತ್ತೆ ಮೊದಲಿಂದ ಶುರು ಮಾಡೋದು. ಮನೇಲಿ ಇಬ್ಬರು ತಂಗಿಯರು. ಶುರು ಮಾಡಲಿಲ್ಲ. 2016ರಲ್ಲಿ ಕೇಂದ್ರದ ಕೌಶಲ ಸಚಿವಾಲಯ ಮತ್ತು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ ಒಪ್ಪಂದ ಮಾಡಿಕೊಂಡು, ಐಟಿಐ ಓದಿದವರು ಭಾಷೆ ಮುಂತಾದ ಉಳಿಕೆ ವಿಷಯ ಪಾಸ್ ಮಾಡಿದರೆ ಶಾಲಾ ತತ್ಸಮಾನ ಪ್ರಮಾಣಪತ್ರ ಸಿಗುವ ಹಾಗೆ ಮಾಡಿದವು. ಅದನ್ನ ಪೇಪರಿನಲ್ಲಿ ಓದಿ ಅಪ್ಪ "ಈಗ ಬಂತಾ?" ಅಂದರು, ಅಷ್ಟೇ.

1998ರಲ್ಲಿ ವಿಟಿಯು ಸ್ಥಾಪನೆಯಾಯಿತು. ಅಲ್ಲಿಯವರೆಗೆ ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳು ಬೇರೆ ಬೇರೆ ವಿಶ್ವವಿದ್ಯಾಲಯಗಳ ಕೆಳಗಿದ್ದವು. ಹೆಚ್ಚಿನ ಕಾಲೇಜುಗಳಿಗೆ ಒಂದೇ ಪಠ್ಯಕ್ರಮ ಬಂದಮೇಲೆ ದಾಟುವವರಿಗೂ ಒಂದೇ ನಿಯಮ ಸಾಧ್ಯವಾಯಿತು. ಮ್ಯಾಟ್‌ಡಿಪ್ ಹಿಂದಿನ ತರ್ಕ ಸರಿಯಾಗೇ ಇದೆ. ಪಿಯುಸಿಯಿಂದ ಬಂದವರು ಎರಡು ವರ್ಷ ಗಣಿತ ಓದಿ, ಎಂಜಿನಿಯರಿಂಗ್ ಮೊದಲ ವರ್ಷದಲ್ಲಿ ಇನ್ನೆರಡು ಪೇಪರ್ ಬರೆದಿರುತ್ತಾರೆ. ನಾವು ಅಷ್ಟು ಹೊತ್ತು ವರ್ಕ್‌ಶಾಪಿನಲ್ಲಿ ಲೇತ್ ಮುಂದೆ ಇದ್ದೆವು. ಕೊರತೆ ನಿಜ. ಬಿ.ಎಸ್ಸಿ.ಯಿಂದ ಬಂದವರಿಗೆ ಇನ್ನೊಂದು ಕೊರತೆ, ಅವರಿಗೆ ಎಂಜಿನಿಯರಿಂಗ್ ಗ್ರಾಫಿಕ್ಸ್ ಮತ್ತು ಸಿವಿಲ್, ಮೆಕ್ಯಾನಿಕ್ಸ್‌ನ ಮೂಲಪಾಠ. ಅದೂ ಕಡ್ಡಾಯ, ಅದಕ್ಕೂ ಸೊನ್ನೆ. ಯಾರಲ್ಲಿ ಏನಿಲ್ಲವೋ ಅದನ್ನ ತುಂಬಿಕೊಂಡು ಬನ್ನಿ ಅನ್ನೋ ನ್ಯಾಯ.

ಒಪ್ಪೋಣ. ಆದರೆ ಅದೇ ಪಠ್ಯಕ್ರಮದಲ್ಲಿ ಸಂವಿಧಾನ ಮತ್ತು ವೃತ್ತಿನೀತಿಯ ಪೇಪರಿಗೆ ಒಂದು ಕ್ರೆಡಿಟ್ ಇತ್ತು, ಕನ್ನಡಕ್ಕೆ ಒಂದು ಕ್ರೆಡಿಟ್ ಇತ್ತು. ಎಲ್ಲರೂ ಓದುವ ಸಾಮಾನ್ಯ ವಿದ್ಯೆಗೆ ಚಿಕ್ಕದಾದರೂ ಒಂದು ಬೆಲೆ. ಪಕ್ಕದ ಬಾಗಿಲಿನಿಂದ ಬಂದವರು ಮಾತ್ರ ಓದುವ ಗಣಿತಕ್ಕೆ ಬೆಲೆ ಇಲ್ಲ, ಅದಕ್ಕೆ ಅಂತ ಬೇರೆ ಸಮಯವೂ ಇಲ್ಲ. ದಾಟುವವನು ಕಟ್ಟುವ ಸುಂಕ ಅದು. ಸುಂಕ ಕಟ್ಟೋವಾಗ ಯಾರೂ ಕಲಿಯಲ್ಲ, ಹೇಗಾದರೂ ತಪ್ಪಿಸಿಕೊಳ್ಳೋಕೆ ನೋಡ್ತಾರೆ. ನಾನು ನೋಡಿದ ಹಾಗೆ.

2021ರಲ್ಲಿ ಕರ್ನಾಟಕ ಹೊಸ ಶಿಕ್ಷಣ ನೀತಿ ಜಾರಿಗೆ ತಂತು, 2024ರಲ್ಲಿ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ವಾಪಸಾಯಿತು. ಈ ಮಧ್ಯೆ ಕ್ರೆಡಿಟ್ ಬ್ಯಾಂಕ್ ಅನ್ನೋ ಮಾತು ಎಲ್ಲರ ಬಾಯಿಗೂ ಬಂತು: ಒಂದು ಕಡೆ ಗಳಿಸಿದ ಕ್ರೆಡಿಟ್ ಜಮಾ ಇಟ್ಟು ಇನ್ನೊಂದು ಕಡೆ ಬಳಸೋದು. ಒಳ್ಳೆಯದೇ. ಆದರೆ ದಾಟುವ ಹುಡುಗ ಬೆವರು ಸುರಿಸಿ ಕಲಿಯೋ ವಿಷಯ ಆ ಪಾಸ್‌ಬುಕ್ಕಿಗೆ ಏರದೆ ಹೋದರೆ, ಬ್ಯಾಂಕ್ ಯಾರಿಗಾಗಿ?

ನನ್ನ ಕಥೆ ಮುಗಿಸಿಬಿಡ್ತೀನಿ. ಆ ಕಂಪನಿ ಹೋದಮೇಲೆ ಕೂತು ಓದಿದೆ. ಪಾಸಾದೆ. ಮೊದಲ ಕೆಲಸ ಸಿಕ್ಕಿದ್ದು ನಮ್ಮೂರಿನ ಕೈಗಾರಿಕಾ ಪ್ರದೇಶದಲ್ಲೇ, ಈಗ ಬೆಂಗಳೂರಿನಲ್ಲಿ ಯಂತ್ರಗಳ ಕಂಟ್ರೋಲ್ ಸಾಫ್ಟ್‌ವೇರ್ ಬರೀತೀನಿ. ದಿನವೂ ಬಳಸೋದು ಏನು ಗೊತ್ತಾ? ವೆಕ್ಟರ್, ಸಂಕೀರ್ಣ ಸಂಖ್ಯೆ. ಕ್ರೆಡಿಟ್ ಇಲ್ಲದ ಪೇಪರ್‌ನ ಮೊದಲ ಪಾಠ.

ಜಗಲಿ ಮೇಲೆ ಇಷ್ಟೆಲ್ಲಾ ಹೇಳಲಿಲ್ಲ ಬಿಡಿ. ನಾನು ಬಾಯಿ ತೆಗೆಯೋ ಮೊದಲೇ ಅಪ್ಪ ಒಳಗಿಂದ ಹೇಳಿದರು: "ವರ್ನಿಯರ್ ಕೈಗೆ ತಗೊಂಡ್ರೆ ಮೊದ್ಲು ಏನು ನೋಡ್ತೀಯಮ್ಮಾ? ಸೊನ್ನೆಗೆ ಸೊನ್ನೆ ಕೂತದಾ ಅಂತ ತಾನೇ? ಅದು ಕೂರದೇ ಇದ್ರೆ ಆಮೇಲೆ ಎಷ್ಟು ಅಳತೆ ತೆಗೆದ್ರೂ ತಪ್ಪೇ."

ಹುಡುಗಿ ನಕ್ಕಳು. "ಹಂಗಾದ್ರೆ ಓದ್ಲೇಬೇಕು ಅಂತೀರಾ."

"ಸೇರೋಕೆ ಮುಂಚೆನೇ ಓದು" ಅಂದೆ. "ಕಾಲೇಜು ಶುರುವಾದ ಮೇಲೆ ಟೈಮ್ ಸಿಗಲ್ಲ."

ಅಟ್ಟದ ಮೇಲಿಂದ ಹಳೇ ನೋಟ್ಸ್ ತೆಗೆದು ಕೊಟ್ಟೆ. ಮೊದಲ ಇಪ್ಪತ್ತು ಪುಟ ಬಿಟ್ಟರೆ ಎರಡನೇ ಸಲ ಫೇಲಾದ ಮೇಲೆ ಬರೆದದ್ದೇ ಎಲ್ಲಾ. ಈಗ ತಿಂಗಳಲ್ಲಿ ಎರಡು ಭಾನುವಾರ ಊರಿಗೆ ಹೋಗ್ತಿದ್ದೀನಿ. ಸದ್ಯ ವೆಕ್ಟರ್ ನಡೀತಿದೆ.