ಸಣ್ಣ ಮರದ ದೋಣಿ: ಹಲಗೆಗಳ ಆಯ್ಕೆ ಮತ್ತು ಜೋಡಣೆಯ ದಿಕ್ಕು

ಕೆರೆ, ಜಲಾಶಯ ಮತ್ತು ಅಳಿವೆಗಳಲ್ಲಿ ಮೀನುಗಾರಿಕೆಗೆ ಬಳಸುವ ಮರದ ದೋಣಿಗಳು ಹೆಚ್ಚಾಗಿ ಸೋರುವುದು ಹಲಗೆಗಳ ಸಂದುಗಳಲ್ಲಿ. ಅನೇಕ ವೇಳೆ ಇದಕ್ಕೆ ಬಡಗಿಯ ಕೆಲಸಕ್ಕಿಂತ ಹಲಗೆಯನ್ನು ಕೊಯ್ದ ರೀತಿ, ಒಣಗಿಸಿದ ಮಟ್ಟ ಮತ್ತು ಹೊರಕ್ಕೆ ಇಟ್ಟ ಮುಖ ಕಾರಣವಾಗಿರುತ್ತವೆ.

ಪಶ್ಚಿಮ ಕರಾವಳಿಯಲ್ಲಿ ತೇಗ ಮತ್ತು ಹೆಬ್ಬಲಸು ಬಹುಕಾಲದಿಂದ ದೋಣಿಗೆ ಬಳಕೆಯಲ್ಲಿವೆ. ಮಾವು ಅಗ್ಗವಾದರೂ ಬೇಗ ಕೊಳೆಯುತ್ತದೆ. ಯಾವ ಜಾತಿಯಾದರೂ ಚೇಗಿನ ಭಾಗವನ್ನೇ ಆರಿಸಬೇಕು. ಹೊರಸುತ್ತಿನ ತಿಳಿಬಣ್ಣದ ಭಾಗವು ತೇಗದಲ್ಲಿಯೂ ಬಾಳಿಕೆ ಬರುವುದಿಲ್ಲ. ಸ್ವಂತ ತೋಟದ ಮರವಾದರೂ ಕಡಿಯುವ ಮೊದಲು ಅನುಮತಿಯ ಬಗ್ಗೆ ಅರಣ್ಯ ಇಲಾಖೆಯಲ್ಲಿ ವಿಚಾರಿಸುವುದು ಅವಶ್ಯಕ.

ಮರವು ಉದ್ದಕ್ಕೆ ಬಹಳ ಕಡಿಮೆ ಕುಗ್ಗುತ್ತದೆ. ಆದರೆ ಉಂಗುರಗಳ ಸುತ್ತಿನ ದಿಕ್ಕಿನಲ್ಲಿ ಆಗುವ ಕುಗ್ಗುವಿಕೆಯು ತಿರುಳಿನಿಂದ ತೊಗಟೆಯತ್ತ ಆಗುವುದಕ್ಕಿಂತ ಸುಮಾರು 2 ಪಟ್ಟು ಇರುತ್ತದೆ. ಆದ್ದರಿಂದ ಹಲಗೆಯ ತುದಿಯನ್ನು ಪರೀಕ್ಷಿಸಬೇಕು. ಉಂಗುರಗಳು ಅಗಲವಾದ ಮುಖಕ್ಕೆ ಬಹುತೇಕ ಲಂಬವಾಗಿ ನಿಂತಿದ್ದರೆ ಆ ಹಲಗೆ ಕಡಿಮೆ ಬಾಗುತ್ತದೆ. ತಳಭಾಗಕ್ಕೆ ಇದೇ ಉತ್ತಮ. ಇಂತಹ ಕೊಯ್ತದಲ್ಲಿ ಮರ ಹೆಚ್ಚು ಪೋಲಾಗುವುದರಿಂದ ಸಾಮಿಲ್‌ನವರಿಗೆ ಮೊದಲೇ ತಿಳಿಸಬೇಕಾಗುತ್ತದೆ.

ಸಾಮಾನ್ಯವಾಗಿ ದೊರೆಯುವುದು ಉಂಗುರಗಳು ಕಮಾನಿನಂತೆ ಕಾಣುವ ಹಲಗೆ. ಕಮಾನಿನ ಉಬ್ಬು ಇರುವುದು ತೊಗಟೆಯ ಬದಿ, ಒಳಗುಳಿ ಇರುವುದು ತಿರುಳಿನ ಬದಿ. ಒಣಗಿದಾಗ ತೊಗಟೆಯ ಬದಿ ತಗ್ಗಾಗುತ್ತದೆ, ನೆನೆದಾಗ ಉಬ್ಬುತ್ತದೆ. ಒಣಗಿಸಿ ಕಟ್ಟಿದ ದೋಣಿ ನೀರಿಗಿಳಿದ ಮೇಲೆ ನೆನೆಯುವುದರಿಂದ ಚಪ್ಪಟೆ ತಳದಲ್ಲಿ ತೊಗಟೆಯ ಬದಿಯನ್ನು ಹೊರಕ್ಕೆ ಇಡುವುದು ಸೂಕ್ತ. ಆಗ ಹಲಗೆಯ ಅಂಚುಗಳು ಒಳಗಿನ ಅಡ್ಡಮರಗಳಿಗೆ ಒತ್ತಿಕೊಳ್ಳುತ್ತವೆ. ತಿರುಳಿನ ಬದಿ ಹೊರಗಿದ್ದರೆ ಉಜ್ಜಾಟಕ್ಕೆ ಎಳೆಗಳು ಸಿಬಿರಾಗಿ ಏಳುವ ಸಂಭವವೂ ಹೆಚ್ಚು. ದುಂಡಗಿನ ಪಕ್ಕಗಳಿಗೆ ಕೆಲವು ಬಡಗಿಗಳು ಒಣಗಿದ ಹಲಗೆಯ ತಗ್ಗು ಹೊಂದಿಕೊಳ್ಳಲೆಂದು ತೊಗಟೆಯ ಬದಿಯನ್ನೇ ಒಳಕ್ಕೆ ಇಡುತ್ತಾರೆ, ಅದನ್ನು ತಪ್ಪೆನ್ನಲಾಗದು. ಆದರೆ ಅಕ್ಕಪಕ್ಕದ ಹಲಗೆಗಳನ್ನು ಒಂದು ಹೀಗೆ, ಇನ್ನೊಂದು ಹಾಗೆ ಜೋಡಿಸಲೇಬಾರದು. ಒಂದರ ಅಂಚು ಒಳಕ್ಕೂ ಮತ್ತೊಂದರ ಅಂಚು ಹೊರಕ್ಕೂ ಸರಿದು ಸಂದು ಒಡೆಯುತ್ತದೆ.

ಹಲಗೆಗಳ ನಡುವೆ ಪಟ್ಟಿಗಳನ್ನಿಟ್ಟು ನೆರಳಿನಲ್ಲಿ ಪೇರಿಸಿ ಒಣಗಿಸಬೇಕು. ಒಂದು ಹಲಗೆಯನ್ನು ಗುರುತು ಮಾಡಿ ವಾರಕ್ಕೊಮ್ಮೆ ತೂಗಿ, ತೂಕ ಇಳಿಯುವುದು ನಿಂತ ಮೇಲೆ ಕೆಲಸ ಆರಂಭಿಸಬಹುದು. ಅಂಚಿಗೆ ಬಂದ ಗಂಟು ಮತ್ತು ಓರೆ ಎಳೆಯ ಹಲಗೆಗಳನ್ನು ಬಿಡಬೇಕು. ಮೊಳೆಗೆ ಮೊದಲು ಬೈರಿಗೆಯಿಂದ ರಂಧ್ರ ಕೊರೆದರೆ ಹಲಗೆಯ ತುದಿ ಸೀಳುವುದಿಲ್ಲ.

ಬೇಸಿಗೆಯಲ್ಲಿ ದಡಕ್ಕೇರಿಸಿದ ದೋಣಿಯನ್ನು ನೆರಳಿನಲ್ಲಿ ಇಡಬೇಕು. ಬಿರಿದ ಸಂದುಗಳಿಗೆ ಹತ್ತಿಯ ನೂಲನ್ನು ಬಿಗಿಯಾಗಿ ತುರುಕಿದರೆ, ಮರ ನೆನೆದು ಹಿಗ್ಗಿದಾಗ ಹಲಗೆಗಳು ಮೊಳೆಯಿಂದ ಕಿತ್ತುಬರಬಹುದು. ಮೊದಲು ಒದ್ದೆ ಗೋಣಿಚೀಲ ಹೊದಿಸಿ ಒಂದೆರಡು ದಿನ ನೆನೆಸಿ, ಆನಂತರವೂ ಮುಚ್ಚದೆ ಉಳಿದ ಸಂದುಗಳಿಗೆ ಮಾತ್ರ ನೂಲು ತುಂಬಬೇಕು.